ತುಟಿ ಮರೆತ ಐದು ಅಕ್ಷರ



ಮಾತಿಗೆ ತೊಡಗುವ ಮುಂಚೆ ನಮ್ಮ ವಿಜಯಪುರ ಜಿಲ್ಲೆಯ ನಾಲ್ಕು ಊರುಗಳ ಹೆಸರು ಹೇಳುತ್ತೇನೆ. ಇಂಡಿ. ಸಿಂದಗಿ. ಮುದ್ದೇಬಿಹಾಳ. ಬಸವನ ಬಾಗೇವಾಡಿ. ನೀವೂ ಕೂತಲ್ಲೇ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಇಂಡಿ, ಸಿಂದಗಿ ಅನ್ನುವಾಗ ತುಟಿಗೆ ತುಟಿ ತಾಗುವುದಿಲ್ಲ, ನಾಲಿಗೆಯೇ ಕೆಲಸ ಮುಗಿಸಿಬಿಡುತ್ತದೆ. ಮುದ್ದೇಬಿಹಾಳಕ್ಕೆ ಎರಡು ಸಲ ತುಟಿ ಕೂಡಬೇಕು. ಬಸವನ ಬಾಗೇವಾಡಿಗಂತೂ ತುಟಿಗೆ ಬಿಡುವೇ ಇಲ್ಲ. ನಾನು ಹುಟ್ಟಿದ್ದು ಆ ಬಾಗೇವಾಡಿ ತಾಲೂಕಿನಲ್ಲಿ, ನನ್ನನ್ನು ಕೊಟ್ಟದ್ದು ಇಂಡಿಗೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪ, ಫ, ಬ, ಭ, ಮ, ಇವು ಓಷ್ಠ್ಯಾಕ್ಷರಗಳು ಎಂದು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ತೋರಿಸಿದವಳು, ಒಂದು ಎಳ್ಳಮಾವಾಸ್ಯೆಯ ಮರುದಿನ ಆ ಐದನ್ನೂ ಕಳೆದುಕೊಂಡೆ. ತವರೂರಿನ ಹೆಸರು ನನ್ನ ಬಾಯಿಂದ ಹೊರಡಲಿಲ್ಲ.

ಹಿಂದಿನ ದಿನ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಜೋಳದ ನಡುವೆ ಕೂತು ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಉಂಡು, ಹೊತ್ತು ಮುಳುಗುವಾಗ ಟ್ರ್ಯಾಕ್ಟರಿನಲ್ಲಿ ಮರಳಿದೆವು. ಚಳಿಗಾಳಿ ಇತ್ತು. ರಾತ್ರಿ ಎಡಗಿವಿಯ ಹಿಂದೆ ಸಣ್ಣಗೆ ನೋವು ಶುರುವಾಯಿತು. ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ಸೋರಿ ಸೀರೆಯ ಮೇಲೆ ಬಿತ್ತು. ಮುಖ ತೊಳೆದರೆ ಸಾಬೂನು ಎಡಗಣ್ಣಿಗೆ ಹೊಕ್ಕಿತು. ಕಣ್ಣು ಮುಚ್ಚಿಯೇ ತೊಳೆದೆನಲ್ಲ ಎಂದುಕೊಳ್ಳುತ್ತ ಕನ್ನಡಿಯ ಮುಂದೆ ನಿಂತರೆ, ಎಡಗಣ್ಣು ತೆರೆದೇ ಇತ್ತು. ಹಣೆಯ ಎಡ ಅರ್ಧ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನಯವಾಗಿತ್ತು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು.

ನಮ್ಮ ಅತ್ತೆ ಒಲೆಯ ಮುಂದಿನಿಂದಲೇ ನೋಡಿ, “ಯಾಕ ಬೇ, ಬಾಯಿ ಹಂಗ್ಯಾಕ ಮಾಡಾಕತ್ತಿ?” ಎಂದರು. ಉತ್ತರ ಕೊಡಲು ಹೋದೆ, ಮಾತಿನ ಬದಲು ಗಾಳಿ ಹೊರಟಿತು. ತವರಿಗೆ ಫೋನು ಹಚ್ಚಿದೆ. “ಅಪ್ಪಾ” ಎಂದದ್ದು “ಅಫ್ಫಾ” ಎಂದು ಕೇಳಿಸಿರಬೇಕು. ಅತ್ತಲಿಂದ ಅಪ್ಪ, “ಬಾಯಾಗ ಅಡಕಿ ಹಾಕ್ಕೊಂಡೀ ಏನವ್ವಾ?” ಎಂದು ಕೇಳಿದರು. ನಾನು ಫೋನನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದೆ. ಅಪ್ಪ, ಅವ್ವ, ಎರಡೂ ತುಟಿಯ ಮೇಲೆ ಹುಟ್ಟುವ ಮಾತು. ಕೂಸು ಮೊದಲು ಕಲಿಯುವುದೂ ಅವನ್ನೇ.

ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಸುದ್ದಿ. ಕೆಲವರು “ಗಾಳಿ ಬಡದೈತಿ” ಎಂದರು, ಕೆಲವರು “ಲಕ್ವಾ ಹೊಡದೈತಿ” ಎಂದರು. ಬಂಧುವೊಬ್ಬರು ಪಾರಿವಾಳ ಹಿಡಿದುಕೊಂಡೇ ಬಂದರು. ಲಕ್ವಾಕ್ಕೆ ಪಾರಿವಾಳದ ಬಿಸಿ ರಕ್ತ ತಿಕ್ಕಿದರೆ ಗುಣವೆಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಅವರು ಪ್ರೀತಿಯಿಂದ ತಂದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆ ಹಕ್ಕಿಯನ್ನು ಬಿಡಿಸುವಷ್ಟು ಹಟ ಮಾತ್ರ ನನ್ನಲ್ಲಿ ಉಳಿದಿತ್ತು. ಸಂಜೆ ಹತ್ತಿರದ ವೈದ್ಯರೊಬ್ಬರಿಗೆ ತೋರಿಸಿಕೊಂಡೆ. ಬೆಚ್ಚಗಿರಿ, ಶಕ್ತಿಯ ಗುಳಿಗೆ ನುಂಗಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಹದಿನೈದು ದಿನ! ಈ ರೋಗದಲ್ಲಿ ಲೆಕ್ಕಕ್ಕೆ ಬರುವುದು ಮೊದಲ ಮೂರೇ ದಿನ ಎಂದು ನನಗಾಗ ಗೊತ್ತಿರಲಿಲ್ಲ. ಇವತ್ತು ರೇಡಿಯೋದಲ್ಲಿ ಮಾತಾಡಲು ಒಪ್ಪಿದ್ದೇ ಆ ಮೂರು ದಿನದ ಸಲುವಾಗಿ.

ಮೂರನೆಯ ದಿನ ಬೆಳಿಗ್ಗೆ ಗಂಡ ವಿಜಯಪುರಕ್ಕೆ ಹೊರಡಿಸಿದರು. ಬಸ್ಸಿನಲ್ಲಿ ಹೆಂಗಸರ ಸಾಲಿನಲ್ಲಿ ಕೂತಿದ್ದೆ, ಅವರು ಹಿಂದೆ ನಿಂತಿದ್ದರು. ಕಂಡಕ್ಟರ್ “ಎಲ್ಲಿಗ್ರಿ?” ಎಂದ. ವಿಜಯಪುರದಲ್ಲಿ ವ ಇದೆ, ಪ ಇದೆ. ಎಡ ತುಟಿಯ ತುದಿಯನ್ನು ಬೆರಳಿಂದ ಒತ್ತಿ ಹಿಡಿದು ಹೇಳಿದೆ. ಶಕ್ತಿ ಯೋಜನೆಯ ಚೀಟಿಗಾಗಿ ಆಧಾರ್ ಕಾರ್ಡು ತೋರಿಸಿದೆ. ಆತ ಕಾರ್ಡಿನ ಮುಖ ನೋಡಿದ, ಸೆರಗು ಹೊದ್ದ ನನ್ನ ಮುಖ ನೋಡಿದ, ಮತ್ತೊಮ್ಮೆ ಕಾರ್ಡು ನೋಡಿದ. ತಪ್ಪು ಅವನದಲ್ಲ. ಎರಡೂ ಬೇರೆ ಬೇರೆ ಹೆಂಗಸರ ಮುಖದ ಹಾಗೆಯೇ ಇದ್ದವು.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಹೇಳಿದ ಮಾತು, “ಹುಬ್ಬು ಮ್ಯಾಲ ಎತ್ರಿ.” ಬಲ ಹುಬ್ಬು ಏರಿತು, ಎಡದ್ದು ಅಲ್ಲಾಡಲಿಲ್ಲ. ಕೈ ಎತ್ತಿಸಿದರು, ನಡೆಸಿದರು. ಎಲ್ಲ ಸರಿ ಇತ್ತು. ಅವರ ಮುಖದಲ್ಲಿ ಸಮಾಧಾನ ಮೂಡಿತು. ಕಾರಣ ಆಮೇಲೆ ತಿಳಿಯಿತು. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಭಾಗದಿಂದ ಅಪ್ಪಣೆ ಬರುತ್ತದೆ. ಮೆದುಳಿನಲ್ಲಿ ರಕ್ತ ಕಟ್ಟಿ ಲಕ್ವಾ ಹೊಡೆದರೆ ಬಾಯಿ ಸೊಟ್ಟಗಾಗುತ್ತದೆ, ಆದರೆ ಸಾಮಾನ್ಯವಾಗಿ ಹಣೆಯಲ್ಲಿ ಗೆರೆ ಮೂಡುತ್ತದೆ, ಕೈಯೋ ಕಾಲೋ ಸೋಲುತ್ತದೆ, ಮಾತು ತಡವರಿಸುತ್ತದೆ. ಅಂಥ ಗುರುತು ಕಂಡರೆ ಒಂದು ಗಳಿಗೆಯೂ ತಡೆಯದೆ 108ಕ್ಕೆ ಫೋನು ಮಾಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ತಾಸಿನ ಗಡುವು ಇದೆ. ಹಣೆ, ಕಣ್ಣು, ಬಾಯಿ ಮೂರೂ ಒಂದೇ ಮಗ್ಗುಲಿಗೆ ಸೋತು, ಕೈಕಾಲು ಗಟ್ಟಿಯಿದ್ದರೆ ಅದು ಹೆಚ್ಚಾಗಿ ಮುಖದ ನರದ ತೊಂದರೆ. ಹಾಗಂತ ಮನೆಯಲ್ಲಿ ನಾವೇ ತೀರ್ಮಾನ ಮಾಡಿ ಕೂರಬಾರದು. ಬಾಯಿ ಸೊಟ್ಟಗಾದ ದಿನವೇ ಆಸ್ಪತ್ರೆಗೆ ಹೋಗಿ ತೋರಿಸಬೇಕು.

ನನಗೆ ಬಂದದ್ದಕ್ಕೆ ಬೆಲ್ಸ್ ಪಾಲ್ಸಿ ಎಂದು ಹೆಸರು. 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನರಗಳ ಬಗ್ಗೆ ಪ್ರಬಂಧ ಓದಿದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ಲನ ಹೆಸರದು. ರೋಗ ಅವನಿಗಿಂತ ಬಹಳ ಹಳೆಯದು. ನಮ್ಮ ಆಯುರ್ವೇದದವರು ಮುಖ ವಾರೆಯಾಗುವ ರೋಗವನ್ನು ಅರ್ದಿತ ಎಂದು ಕರೆದು ವಾತದ ಲೆಕ್ಕದಲ್ಲಿ ಸೇರಿಸಿದ್ದಾರೆ. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಏಳನೆಯದು ಮುಖದ ನರ. ಅದು ಕಿವಿಯ ಹತ್ತಿರದ ಎಲುಬಿನೊಳಗೆ ಕೊರೆದ ಕಿರಿದಾದ ಓಣಿಯಲ್ಲಿ ಸುಮಾರು ಮೂರು ಸೆಂಟಿಮೀಟರು ದಾರಿ ಸಾಗಿ, ಕಿವಿಯ ಹಿಂದೆ ಕೆಳಗೆ ಹೊರಬಂದು, ಹಣೆಯಿಂದ ಕೊರಳಿನವರೆಗೆ ಐದು ಕವಲಾಗಿ ಹರಡುತ್ತದೆ. ಈ ನರಕ್ಕೆ ಬಾವು ಬಂದರೆ ಎಲುಬಿನ ಓಣಿ ಹಿಗ್ಗುವುದಿಲ್ಲ. ಬಿಗಿ ಬಳೆ ತೊಟ್ಟ ಕೈ ಊದಿದರೆ ಏನಾಗುತ್ತದೋ ಅದೇ ಆಗುತ್ತದೆ. ಬಾವಿಗೆ ಕಾರಣ ಬಹುಶಃ ಮೈಯೊಳಗೆ ಅಡಗಿ ಕೂತ ಹರ್ಪಿಸ್ ವೈರಸ್ಸು ಮತ್ತೆ ತಲೆ ಎತ್ತುವುದು ಎಂದು ತಿಳಿದವರು ಹೇಳುತ್ತಾರೆ. ಸಕ್ಕರೆ ಕಾಯಿಲೆಯವರಿಗೂ ತುಂಬಿದ ಬಸುರಿಯರಿಗೂ ಇದು ಬರುವ ಸಂಭವ ಹೆಚ್ಚು. ಅದೇ ನರ ನಾಲಿಗೆಯ ಮುಂಭಾಗದ ರುಚಿಯನ್ನೂ ಒಯ್ಯುವುದರಿಂದ ನನಗೆ ಎಡಗಡೆ ಉಪ್ಪಿನಕಾಯಿಯೂ ಸಪ್ಪೆಯಾಗಿತ್ತು. ಪಾತ್ರೆ ಬಿದ್ದ ಸದ್ದು ಎಡಗಿವಿಯಲ್ಲಿ ಗುಂಡು ಹಾರಿಸಿದಂತೆ ಕೇಳುತ್ತಿತ್ತು.

ಸ್ಟೆರಾಯ್ಡ್ ಗುಳಿಗೆ ಹತ್ತು ದಿನಕ್ಕೆ ಬರೆದುಕೊಟ್ಟರು. ಸ್ಟೆರಾಯ್ಡ್ ಅಂದರೆ ನಮ್ಮಲ್ಲಿ ಹೆದರಿಕೆ. ವೈದ್ಯರು ಕೂಡ್ರಿಸಿ ತಿಳಿಸಿದರು. ಬೆಲ್ಲನ ನಾಡಾದ ಸ್ಕಾಟ್ಲೆಂಡಿನಲ್ಲೇ ಐನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 72 ತಾಸಿನೊಳಗೆ ಪ್ರೆಡ್ನಿಸೊಲೋನ್ ಶುರು ಮಾಡಿದವರಲ್ಲಿ ಮೂರು ತಿಂಗಳಿಗೆ ನೂರಕ್ಕೆ 83 ಮಂದಿ ಪೂರ್ತಿ ಗುಣವಾಗಿದ್ದರು. ಅದನ್ನು ತೆಗೆದುಕೊಳ್ಳದವರಲ್ಲಿ ಸುಮಾರು 64 ಮಂದಿ. ನಾನು ಮೊದಲ ಗುಳಿಗೆ ನುಂಗಿದಾಗ 72 ತಾಸು ಮುಗಿಯಲು ಹೆಚ್ಚು ಹೊತ್ತು ಉಳಿದಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಗುಳಿಗೆಯಿಂದ ಸಕ್ಕರೆ ಏರುತ್ತದೆ, ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕಿವಿಯ ಸುತ್ತ ನೀರುಗುಳ್ಳೆ ಎದ್ದಿದ್ದರೆ ಅದನ್ನೂ ತೋರಿಸಬೇಕು. ಆಗ ಔಷಧ ಬೇರೆಯದೂ ಬೇಕಾಗುತ್ತದೆ.

ಗುಳಿಗೆಯಷ್ಟೇ ಒತ್ತಿ ಅವರು ಹೇಳಿದ್ದು ಕಣ್ಣಿನ ವಿಷಯ. ಮುಚ್ಚದ ಕಣ್ಣು ಒಣಗುತ್ತದೆ, ಧೂಳು ಕೂರುತ್ತದೆ, ಕರಿಗುಡ್ಡೆಯ ಮೇಲೆ ಗೀರು ಬೀಳುತ್ತದೆ. ಹಗಲು ತಾಸಿಗೊಮ್ಮೆ ಕಣ್ಣೀರಿನಂಥ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಕೂಡಿಸಿ ಕಾಗದದ ಪಟ್ಟಿ ಅಂಟಿಸಿ ಮಲಗುವುದು, ಹೊರಗೆ ಹೊರಟರೆ ಅಗಲ ಕನ್ನಡಕ. ಜೋಳ ಒಕ್ಕುವ ಕಾಲದಲ್ಲಿ ನಮ್ಮ ಹಳ್ಳಿಗಳ ಗಾಳಿಯಲ್ಲಿ ಏನೆಲ್ಲ ಹಾರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಮುಂದೆ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಮುದ್ದೇಬಿಹಾಳ ಕಡೆಯ ಒಬ್ಬ ತಾಯಿ ನನ್ನ ಪಕ್ಕ ಕೂತಿದ್ದರು. ಇಪ್ಪತ್ತು ದಿನ ಎಣ್ಣೆ ತಿಕ್ಕಿಸಿಕೊಂಡು, ಹೊಲದ ಕೆಲಸ ಬಿಡದೆ, ಕಣ್ಣು ಕೆಂಡವಾದ ಮೇಲೆ ಬಂದವರು. ಅವರ ಬಾಯಿ ನನ್ನದಕ್ಕಿಂತ ಬೇಗ ನೆಟ್ಟಗಾಯಿತು. ಕಣ್ಣಿನ ಮೇಲಿನ ಬಿಳಿ ಕಲೆ ಉಳಿಯಿತು. ಹನಿ, ಮುಲಾಮು, ಒಂದು ಪಟ್ಟಿ, ಇಷ್ಟೇ ಸಾಕಿತ್ತು. ಇಷ್ಟನ್ನು ಅವರಿಗೆ ಹೇಳುವವರು ಊರಿನಲ್ಲಿ ಒಬ್ಬರೂ ಇರಲಿಲ್ಲವೆಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಮೂರು ವಾರ ಕಳೆಯಿತು. ಡೆನ್ಮಾರ್ಕಿನ ಪೈಟರ್ಸನ್ ಎಂಬ ವೈದ್ಯರು ಯಾವ ಔಷಧವನ್ನೂ ಕೊಡದೆ 25 ವರ್ಷ ಈ ರೋಗವನ್ನು ಗಮನಿಸಿ ಬರೆದಿಟ್ಟಿದ್ದಾರೆ. ನೂರರಲ್ಲಿ 85 ಜನರಿಗೆ ಮೂರು ವಾರದೊಳಗೆ ಮುಖದಲ್ಲಿ ಎಷ್ಟಾದರೂ ಚಲನೆ ಕಾಣುತ್ತದೆ, ಉಳಿದ 15 ಜನರಿಗೆ ಮೂರರಿಂದ ಐದು ತಿಂಗಳು ಹಿಡಿಯುತ್ತದೆ. ನಾನು ಆ ಹದಿನೈದರಲ್ಲಿ ಒಬ್ಬಳಾದೆ. ಆಗ ವೈದ್ಯರು ಫಿಜಿಯೋಥೆರಪಿಗೆ ಕಳಿಸಿದರು. ಜನರ ಮಾತಿನಲ್ಲಿ ಅದಕ್ಕೆ “ಕರೆಂಟ್ ಕೊಡೂದು”. ಅತ್ತೆ ಆ ಮಾತು ಕೇಳಿಯೇ ದೇವರ ಮುಂದೆ ದೀಪ ಹಚ್ಚಿದರು.

ಕೋಣೆ ಚಿಕ್ಕದು. ಒಂದು ಮಂಚ, ಒಂದು ಸ್ಟೂಲು, ರೇಡಿಯೋದಷ್ಟೇ ದೊಡ್ಡ ಪೆಟ್ಟಿಗೆ, ಅದರ ಮೇಲೆ ತಿರುಗಿಸುವ ಗುಂಡಿಗಳು, ಎರಡು ತಂತಿ. ಫಿಜಿಯೋಥೆರಪಿಸ್ಟ್ ನನ್ನ ಶಿಷ್ಯರ ವಯಸ್ಸಿನ ಹುಡುಗ. ಒಂದು ತಂತಿಯ ಬಿಲ್ಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ತೋಳಿಗೆ ಕಟ್ಟಿದ. ಇನ್ನೊಂದು ತಂತಿಯ ತುದಿಗೆ ಪೆನ್ನಿನಂಥ ಕಡ್ಡಿ. ಅದರ ತುದಿಗೆ ಹತ್ತಿ ಸುತ್ತಿ ಉಪ್ಪುನೀರಿನಲ್ಲಿ ಅದ್ದಿದ. ಮೊದಲು ತನ್ನ ಕೈ ಮೇಲೆ ಇಟ್ಟುಕೊಂಡು ತೋರಿಸಿ, “ಅಂಜಬ್ಯಾಡ್ರಿ ಅಕ್ಕೋರ, ಇರವಿ ಕಚ್ಚಿದಂಗ ಆಗ್ತೈತಿ, ಅಷ್ಟಽ” ಎಂದ. ನನ್ನ ಕೈಗೆ ಒಂದು ಕನ್ನಡಿ ಕೊಟ್ಟ. ಕಡ್ಡಿ ಹುಬ್ಬಿನ ಮೇಲೆ ಕೂತಿತು. ನಾಲಿಗೆಯ ಮೇಲೆ ತಾಮ್ರದ ಚಮಚ ನೆಕ್ಕಿದಂಥ ರುಚಿ ಬಂತು. ಚುಚ್ಚಿತು, ಬಿಟ್ಟಿತು. ಮತ್ತೆ ಚುಚ್ಚಿತು. ಆತ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಆಗ ಕನ್ನಡಿಯಲ್ಲಿ ಕಂಡೆ. ಮೂರು ವಾರದಿಂದ ಕಲ್ಲಾಗಿದ್ದ ಹಣೆಯ ಚರ್ಮ ಹುಳ ಹರಿದಂತೆ ನಿಧಾನವಾಗಿ ಮೇಲೆದ್ದು, ನಿಧಾನವಾಗಿ ಇಳಿಯಿತು.

“ನೋಡ್ರಿ, ಸತ್ತಿಲ್ಲ. ಮಲಗೇತಿ” ಎಂದ.

ನಾನು ಅತ್ತೆ. ಬಲಗಣ್ಣು ಅತ್ತಿತು, ಎಡಗಣ್ಣು ಸುಮ್ಮನೆ ತುಂಬಿ ಸುರಿಯಿತು. ಆತ ಹತ್ತಿಯಿಂದ ಎರಡನ್ನೂ ಒರೆಸಿ ಕೆಲಸ ಮುಂದುವರಿಸಿದ. ಹಣೆ, ಕಣ್ಣಿನ ಅಂಚು, ಮೂಗಿನ ಪಕ್ಕ, ಕೆನ್ನೆ, ತುಟಿಯ ಮೂಲೆ, ಗದ್ದ. ಒಂದೊಂದು ಜಾಗಕ್ಕೆ ಮೂವತ್ತು ಸಲ, ನಡುವೆ ವಿರಾಮ, ಮತ್ತೆ ಅದೇ ಸುತ್ತು. ಕರೆಂಟು ಎಳೆಯುವಾಗ ನಾನೂ ಮನಸ್ಸಿನಿಂದ ಎಳೆಯಬೇಕು, ಸುಮ್ಮನೆ ಮಲಗಿರಬಾರದು ಎಂಬುದು ಅವನ ಕಟ್ಟಪ್ಪಣೆ.

ಆ ಪೆಟ್ಟಿಗೆಯಲ್ಲಿ ಎರಡು ಬಗೆಯ ಕರೆಂಟು ಇರುತ್ತದೆ. ಗ್ಯಾಲ್ವಾನಿಕ್ ಒಂದು, ಫ್ಯಾರಡಿಕ್ ಇನ್ನೊಂದು. ಮೊದಲನೆಯದಕ್ಕೆ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಸತ್ತ ಕಪ್ಪೆಯ ಕಾಲನ್ನು ಕುಣಿಸಿದ ಗ್ಯಾಲ್ವಾನಿಯ ಹೆಸರು. ಎರಡನೆಯದಕ್ಕೆ 1831ರಲ್ಲಿ ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ ಫ್ಯಾರಡೆಯ ಹೆಸರು. ನರದ ಸಂಪರ್ಕ ತಪ್ಪಿದ ಸ್ನಾಯು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಉದ್ದದ ಹೊಡೆತಕ್ಕೆ ಮಾತ್ರ ಓಗೊಡುತ್ತದೆ. ನರ ಮರಳಿ ಬಂದ ಮೇಲೆ ಅದರ ನೂರನೇ ಒಂದು ಭಾಗದಷ್ಟು ಚಿಕ್ಕ ಹೊಡೆತವೂ ಸಾಕು. ಹಾಗಾಗಿ ಯಾವ ಕರೆಂಟಿಗೆ ಮುಖ ಅಲುಗುತ್ತದೆ ಎಂಬುದೇ ನರ ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ಗುರುತು. ಪ್ಯಾರಿಸ್ಸಿನ ವೈದ್ಯ ದುಶೆನ್ ಮುಖದ ಸಂವೇದನೆ ಕಳೆದುಕೊಂಡಿದ್ದ ಒಬ್ಬ ಬಡ ಮುದುಕನ ಮುಖಕ್ಕೆ ಕರೆಂಟಿನ ಕಡ್ಡಿ ಇಟ್ಟು, ಒಂದೊಂದೇ ಸ್ನಾಯುವನ್ನು ಎಬ್ಬಿಸಿ ಫೋಟೋ ತೆಗೆಸಿ, 1862ರಲ್ಲಿ ಪುಸ್ತಕ ಮಾಡಿದ. ತುಟಿ ಎಳೆದರೆ ನಗೆಯಾಗುವುದಿಲ್ಲ, ನಿಜವಾದ ನಗೆಗೆ ಕಣ್ಣಿನ ಸುತ್ತಲಿನ ಬಳೆಯಂಥ ಸ್ನಾಯು ಜೊತೆಗೂಡಬೇಕು ಎಂದು ಅವನು ಕಂಡುಕೊಂಡ. ಆ ಚಿತ್ರಗಳನ್ನು ಡಾರ್ವಿನ್ ಹತ್ತು ವರ್ಷದ ನಂತರ ತನ್ನ ಪುಸ್ತಕದಲ್ಲಿ ಬಳಸಿಕೊಂಡ. ಮಂಚದ ಮೇಲೆ ಮಲಗಿ ನಾನು ಆ ಹೆಸರಿಲ್ಲದ ಮುದುಕನನ್ನು ಎಷ್ಟೋ ಸಲ ನೆನೆದಿದ್ದೇನೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಕರೆಂಟಿನಿಂದಲೇ ಮುಖ ಗುಣವಾಗುತ್ತದೆ ಎಂದು ಪರೀಕ್ಷೆಗಳು ಸಾಬೀತು ಮಾಡಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆಯವರು ಅದುವರೆಗಿನ ಪ್ರಯೋಗಗಳನ್ನೆಲ್ಲ ತೂಗಿ ನೋಡಿ, ಕರೆಂಟಿನಿಂದ ಲಾಭವೆಂದಾಗಲಿ ನಷ್ಟವೆಂದಾಗಲಿ ಹೇಳುವಷ್ಟು ಗಟ್ಟಿ ಪುರಾವೆಯಿಲ್ಲ, ರೋಗಿಗೆ ತಕ್ಕಂತೆ ಹೊಂದಿಸಿದ ಮುಖದ ವ್ಯಾಯಾಮಕ್ಕೆ ಅಷ್ಟಿಷ್ಟು ಇದೆ ಎಂದರು. ಕರೆಂಟನ್ನು ಬೇಡವೆನ್ನುವ ವೈದ್ಯರೂ ಇದ್ದಾರೆ. ನರ ಅದರ ಪಾಡಿಗೆ ದಿನಕ್ಕೆ ಸುಮಾರು ಒಂದು ಮಿಲಿಮೀಟರು ಬೆಳೆಯುತ್ತದೆ, ಯಾರ ಅವಸರಕ್ಕೂ ಓಗೊಡುವುದಿಲ್ಲ. ಕರೆಂಟು ನನ್ನ ನರವನ್ನು ಬೆಳೆಸಿತೆಂದು ನಾನು ಹೇಳಲಾರೆ. ನನಗೆ ಸಿಕ್ಕದ್ದು ಇದು: ನನ್ನ ಮುಖದಲ್ಲಿ ಯಾವ ಸ್ನಾಯು ಎಲ್ಲಿದೆ ಎಂದು ತಿಳಿಯಿತು. ಮುಖ ಮುಚ್ಚಿಕೊಂಡು ಮನೆಯ ಮೂಲೆ ಹಿಡಿಯಬೇಕಾದವಳು ವಾರಕ್ಕೆ ಐದು ದಿನ ಸ್ನಾನ ಮಾಡಿ, ಹೂವು ಮುಡಿದು, ಬಸ್ಸು ಹತ್ತಿದೆ. ದಿನವೂ ಒಬ್ಬ ಮನುಷ್ಯ ಕಣ್ಣು ತಪ್ಪಿಸದೆ ನನ್ನ ಮುಖವನ್ನು ಅರ್ಧ ತಾಸು ನೋಡಿದ. ಆ ದಿನಗಳಲ್ಲಿ ಹಾಗೆ ನೋಡಿದವರು ಮತ್ತೊಬ್ಬರಿರಲಿಲ್ಲ, ಕನ್ನಡಿಯ ಮುಂದೆ ನಾನೂ ಸೇರಿದಂತೆ. ಇನ್ನೊಂದು, ದಯವಿಟ್ಟು ಪೇಟೆಯಲ್ಲಿ ಸಿಗುವ ಯಂತ್ರ ತಂದು ಮನೆಯಲ್ಲೇ ಮುಖಕ್ಕೆ ಕರೆಂಟು ಹಿಡಿಸಿಕೊಳ್ಳಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಇದರ ಹತ್ತಿರವೂ ಹೋಗಬಾರದು.

ಬೆಂಚಿನ ಮೇಲೆ ನಮ್ಮದೇ ಒಂದು ಸಣ್ಣ ಬಳಗವಾಯಿತು. ಸಿಂದಗಿ ಕಡೆಯ ಒಬ್ಬ ಲಾರಿ ಡ್ರೈವರ್, ಬಾಗೇವಾಡಿಯಿಂದ ಬರುವ ಎಂಟು ತಿಂಗಳ ಬಸುರಿ, ಮುದ್ದೇಬಿಹಾಳದ ಆ ತಾಯಿ. ಬಸುರಿಗೆ ಕರೆಂಟು ಕೊಡುತ್ತಿರಲಿಲ್ಲ, ಬರೀ ವ್ಯಾಯಾಮ. ಒಬ್ಬರ ಮುಖ ಇನ್ನೊಬ್ಬರು ನೋಡಿ, ನಿನ್ನೆಗಿಂತ ಇವತ್ತು ಎಷ್ಟು ಏರಿದೆ ಎಂದು ಹೇಳುತ್ತಿದ್ದೆವು. ಪುಗ್ಗ ಊದುವುದು, ಸ್ಟ್ರಾದಲ್ಲಿ ನೀರು ಹೀರುವುದು, ಹಲ್ಲು ಕಾಣುವಂತೆ ನಗುವುದು, ಇವು ಎಲ್ಲರಿಗೂ ಕೊಟ್ಟ ಮನೆಗೆಲಸ. ನನ್ನದೊಂದನ್ನು ನಾನೇ ಸೇರಿಸಿಕೊಂಡೆ. ಶಾಲೆಯ ಹಾಜರಿ. ನಮ್ಮ ಸೀಮೆಯ ಹಾಜರಿ ಪುಸ್ತಕ ತೆರೆದರೆ ಬಸವರಾಜ, ಭೀಮಣ್ಣ, ಮಲ್ಲಮ್ಮ, ಮಹಾದೇವಿ, ಪಾರ್ವತಿ, ಪರಶುರಾಮ. ಎಲ್ಲರೂ ತುಟಿಯಲ್ಲೇ ಹುಟ್ಟಿದವರು. ರಜೆ ಮುಗಿಸಿ ಶಾಲೆಗೆ ಹೋದಾಗ ಈ ಹೆಸರುಗಳನ್ನು ಕರೆಯಲಾಗದೆ ಹಾಜರಿಯನ್ನು ವರ್ಗದ ಮುಖ್ಯ ಹುಡುಗಿಗೆ ಒಪ್ಪಿಸಿದ್ದೆ. ಮಕ್ಕಳು ಒಬ್ಬರೂ ನಗಲಿಲ್ಲ. ರಾತ್ರಿ ಅಡುಗೆಮನೆಯ ಕನ್ನಡಿಯ ಮುಂದೆ ನಿಂತು, ಬೆರಳಿನ ಆಸರೆಯಿಂದ, ಆ ಪಟ್ಟಿಯನ್ನು ಒಂದೊಂದೇ ಹೆಸರಾಗಿ ಕೂಗುತ್ತಿದ್ದೆ. ಹಾಲಿನ ಪಾತ್ರೆ ಇಳಿಸುತ್ತ ಅತ್ತೆ, ಕಾಣದ ಮಕ್ಕಳ ಪರವಾಗಿ, “ಬಂದೇನ್ರಿ” ಎನ್ನುತ್ತಿದ್ದರು.

ಎರಡನೆಯ ತಿಂಗಳು ಮುಗಿಯುವಾಗ ಕೆನ್ನೆಯಲ್ಲಿ ಏನೋ ಮಿಡಿದಂತಾಯಿತು. ಊಟ ಮಾಡುವಾಗ ರೊಟ್ಟಿಯ ತುತ್ತು ಕೆನ್ನೆ ಮತ್ತು ಒಸಡಿನ ನಡುವೆ ಸಿಕ್ಕಿಕೊಳ್ಳುತ್ತಿದ್ದುದು ಕಡಿಮೆಯಾಯಿತು. ಒಂದು ದಿನ ಹುಡುಗ ಗುಂಡಿ ತಿರುಗಿಸಿ, “ಇವತ್ತ ಫ್ಯಾರಡಿಕ್‌ಗೆ ಓ ಅಂತು ನೋಡ್ರಿ” ಎಂದು ತನ್ನ ಪರೀಕ್ಷೆ ಪಾಸಾದವನ ಹಾಗೆ ಕೂಗಿದ. ಮೊದಲು ಮ ಬಂತು. ಮ ಮೂಗಿನ ಸಹಾಯ ಪಡೆಯುವ ಅಕ್ಷರ, ತುಟಿಗೆ ಹೆಚ್ಚು ಬಲ ಬೇಡ. ಆಮೇಲೆ ಬ. ಗಾಳಿ ಕಟ್ಟಿ ಹಿಡಿದು ಒಮ್ಮೆಗೆ ಬಿಡಬೇಕಾದ ಪ ಎಲ್ಲಕ್ಕಿಂತ ಕೊನೆಗೆ. ಈಗಲೂ ನಾನು ಪ ಎನ್ನುವಾಗ ಎಡಗಣ್ಣು ತುಸು ಕಿರಿದಾಗುತ್ತದೆ. ಮರಳಿ ಬೆಳೆಯುವಾಗ ನರದ ಎಳೆಗಳು ಹಾದಿ ತಪ್ಪಿ, ತುಟಿಗೆ ಹೋಗಬೇಕಾದ ಒಂದೆರಡು ಕಣ್ಣಿಗೆ ಹೋಗಿವೆಯಂತೆ. ರೇಡಿಯೋದಲ್ಲಿ ಅದು ನಿಮಗೆ ಕಾಣಿಸುವುದಿಲ್ಲ. ಆದರೂ ಹೇಳಿದೆ, ಪೂರ್ತಿ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ.

ಬಸವ ಜಯಂತಿಗೆ ತವರಿಗೆ ಹೊರಟೆ. ವಿಜಯಪುರದ ಬಸ್ ನಿಲ್ದಾಣದಲ್ಲಿ ಬ. ಬಾಗೇವಾಡಿ ಎಂದು ಬೋರ್ಡು ಹಾಕಿದ ಬಸ್ಸು ನಿಂತಿತ್ತು. ಹಬ್ಬದ ಗದ್ದಲ, ಕಿಟಕಿಯ ಪಕ್ಕ ಹೇಗೋ ಜಾಗ ಸಿಕ್ಕಿತು. ಕಂಡಕ್ಟರ್ ಜನರ ನಡುವೆ ಸರಿದು ಬಂದು “ಎಲ್ಲಿಗ್ರಿ ಅಕ್ಕಾ?” ಎಂದ. ಬೆರಳು ತಾನಾಗಿ ತುಟಿಯ ಹತ್ತಿರ ಹೋಯಿತು. ಅದನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡೆ.

“ಬಸವನ ಬಾಗೇವಾಡಿ.”

ಆತ ಕಾರ್ಡಿನ ಮೇಲೆ ಕಣ್ಣಾಡಿಸಿ, ನನ್ನ ಕಡೆ ಒಮ್ಮೆ ನೋಡಿ, ಯಂತ್ರದಿಂದ ಚೀಟಿ ಹರಿದು ಕೈಗಿತ್ತು, “ಮುಂದ ಯಾರ್ರಿ?” ಎನ್ನುತ್ತ ಹಿಂದಿನ ಸೀಟಿಗೆ ಹೋದ.